ಬ್ರೌನ್ ರೈಸ್ ಪಲಾವ್: ಮೇಲೆ ಮುದ್ದೆ, ಒಳಗೆ ಗಟ್ಟಿ ಯಾಕೆ?

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದವರು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ. ಅದಕ್ಕೇ ಮಗ ಬೆಂಗಳೂರಿನಿಂದ ಎರಡು ಕೆ.ಜಿ. ಬ್ರೌನ್ ಬಾಸ್ಮತಿ ಅಕ್ಕಿ ತಂದುಕೊಟ್ಟಿದ್ದಾನೆ. ಗೋಡಂಬಿ, ಬಾದಾಮಿ ಹಾಕಿ ಎರಡು ಸಲ ಪಲಾವ್ ಮಾಡಿದೆ. ಮೊದಲ ಸಲ ಮಾಮೂಲಿ ಅಕ್ಕಿಯ ಹಾಗೆ ಮೂರು ವಿಷಲ್ ಕೂಗಿಸಿದೆ, ಅಕ್ಕಿ ಬೇಯಲೇ ಇಲ್ಲ. ಎರಡನೇ ಸಲ ನೀರು ಜಾಸ್ತಿ ಹಾಕಿ ಏಳು ವಿಷಲ್ ಕೂಗಿಸಿದೆ. ಮೇಲೆಲ್ಲ ಮುದ್ದೆ, ಕಚ್ಚಿದರೆ ಒಳಗೆ ಗಟ್ಟಿ. ಗೋಡಂಬಿ ಬೇಯಿಸಿದ ಅವರೆಕಾಳಿನ ಹಾಗೆ ಮೆತ್ತಗಾಗಿತ್ತು. ಅತ್ತೆಯವರು ಒಂದು ತುತ್ತು ತಿಂದು ತಟ್ಟೆ ಸರಿಸಿದರು. ಇದನ್ನು ಸರಿಯಾಗಿ ಮಾಡೋದು ಹೇಗೆ? ಇದರ ಬದಲು ನಮ್ಮ ಗದ್ದೆಯ ಕೆಂಪಕ್ಕಿಯಲ್ಲೇ ಮಾಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ವಿಷಲ್ ಲೆಕ್ಕ ಇದೆ, ನೀರಿನ ಮಾತೂ ಇದೆ. ಅಕ್ಕಿಯನ್ನು ಎಷ್ಟು ಹೊತ್ತು ನೆನೆಸಿದಿರಿ ಅನ್ನೋದು ಮಾತ್ರ ಇಲ್ಲ. ನೆನೆಸಿಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಶಿವಮೊಗ್ಗದಲ್ಲಿ ನನ್ನ ಅಡುಗೆ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಎಡವುವುದೂ ಇಲ್ಲೇ. ಬಿಳಿ ಅಕ್ಕಿ ತೊಳೆದು ನೇರ ಕುಕ್ಕರಿಗೆ ಹಾಕಿ ಅಭ್ಯಾಸ ಆಗಿರುತ್ತದೆ. ಬ್ರೌನ್ ರೈಸ್ ಬಂದಾಗಲೂ ಕೈ ಅದನ್ನೇ ಮಾಡುತ್ತದೆ.

ಭತ್ತದ ಮೇಲಿನ ಹೊಟ್ಟು ಮಾತ್ರ ತೆಗೆದ ಅಕ್ಕಿಗೆ ಬ್ರೌನ್ ರೈಸ್ ಅನ್ನುತ್ತಾರೆ. ಅದು ಯಾವುದೋ ಒಂದು ತಳಿಯ ಹೆಸರಲ್ಲ. ಬಾಸ್ಮತಿಯಲ್ಲೂ ಬ್ರೌನ್ ಇದೆ, ಸೋನಾ ಮಸೂರಿಯಲ್ಲೂ ಇದೆ. ಹೊಟ್ಟು ಹೋದ ಮೇಲೆ ಕಾಳಿನ ಸುತ್ತ ತೆಳುವಾದ ಕಂದು ಪದರ ಉಳಿಯುತ್ತದೆ, ಒಂದು ತುದಿಯಲ್ಲಿ ಮೊಳಕೆಯ ಕಣ್ಣು ಇರುತ್ತದೆ. ಮಿಲ್ಲಿನಲ್ಲಿ ಪಾಲಿಶ್ ಕೊಟ್ಟಾಗ ಪುಡಿಯಾಗಿ ಉದುರುವುದು ಇವೆರಡೇ. ಅದನ್ನೇ ನಾವು ತೌಡು ಅಂತ ಚೀಲಕ್ಕೆ ತುಂಬಿ ಕೊಟ್ಟಿಗೆಗೆ ಒಯ್ಯುತ್ತೇವೆ. ದನಕ್ಕೆ ತೌಡು ಕಲಸುವಾಗ ಬೆರಳಿಗೆ ಸಣ್ಣಗೆ ಜಿಡ್ಡು ಹತ್ತುತ್ತದಲ್ಲ, ಆ ಜಿಡ್ಡಿರುವ ಪದರವೇ ನಿಮ್ಮ ಕುಕ್ಕರಿನಲ್ಲಿ ನೀರನ್ನು ತಡೆದು ನಿಲ್ಲಿಸಿದ್ದು.

ನೆಟ್ಟಿ ಸಮಯದಲ್ಲಿ ಗೊರಬು ಹೊದ್ದು ಗದ್ದೆಗೆ ಇಳಿಯುವವರನ್ನು ನೀವು ನೋಡಿರುತ್ತೀರಿ. ಎಷ್ಟು ಜಡಿಮಳೆ ಹೊಡೆದರೂ ಬೆನ್ನು ಬೇಗ ನೆನೆಯುವುದಿಲ್ಲ. ತೌಡಿನ ಪದರ ಅಕ್ಕಿಕಾಳಿಗೆ ಹೊದಿಸಿದ ಗೊರಬು. ನೀರು ಒಳಗೆ ಹೋಗುತ್ತದೆ, ಆದರೆ ಬಹಳ ನಿಧಾನಕ್ಕೆ ಹೋಗುತ್ತದೆ. ಅಕ್ಕಿಯ ಪಿಷ್ಟ ಬೇಯಲು ಸುಮಾರು 70 ಡಿಗ್ರಿ ಬಿಸಿ ಸಾಕು. ಆದರೆ ಆ ಬಿಸಿ ತಾಗುವ ಜಾಗದಲ್ಲಿ ನೀರೂ ಇರಬೇಕು. ನೆನೆಸದ ಕಾಳನ್ನು ಒಲೆ ಮೇಲಿಟ್ಟರೆ ಬಿಸಿ ಬೇಗನೆ ನಡುವಿನವರೆಗೆ ಮುಟ್ಟುತ್ತದೆ, ನೀರು ಇನ್ನೂ ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಹೊರಭಾಗ ಬೆಂದು, ಉಬ್ಬಿ, ಒಡೆಯುತ್ತದೆ. ಪಿಷ್ಟ ನೀರಿಗೆ ಬಿಟ್ಟುಕೊಂಡು ಅಂಟಾಗುತ್ತದೆ. ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ಏಳು ವಿಷಲ್ ಕೂಗಿಸಿದ ದಿನ ನಿಮಗೆ ಆಗಿದ್ದು ಇದೇ. ಇನ್ನೂ ನಾಲ್ಕು ಕೂಗಿಸಿದ್ದರೆ ಗಟ್ಟಿ ಹೋಗುತ್ತಿತ್ತು, ಆದರೆ ಪಾತ್ರೆಯಲ್ಲಿ ಗಂಜಿ ಇರುತ್ತಿತ್ತು.

ಹಾಗಾಗಿ ನೀರನ್ನು ಮೊದಲು ಒಳಗೆ ಕಳಿಸಿ, ಆಮೇಲೆ ಬೆಂಕಿ ಕೊಡಿ. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಬೇಸಿಗೆಯಲ್ಲಿ ನಾಲ್ಕು ಗಂಟೆ ನೆನೆಸಿದರೆ ಸಾಕು. ಮಳೆಗಾಲ, ಚಳಿಗಾಲದಲ್ಲಿ ನೀರೇ ತಣ್ಣಗಿರುತ್ತದೆ, ಆರರಿಂದ ಎಂಟು ಗಂಟೆ ಬೇಕು. ಮಧ್ಯಾಹ್ನದ ಊಟಕ್ಕಾದರೆ ರಾತ್ರಿ ಮಲಗುವಾಗ ನೆನೆಹಾಕಿ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ರಾತ್ರಿಯಿಡೀ ಹೊರಗೆ ಇಡಬೇಡಿ, ಬೆಳಿಗ್ಗೆಗೆ ನೀರು ನೊರೆ ಬಂದು ಹುಳಿ ವಾಸನೆ ಬರುತ್ತದೆ. ಫ್ರಿಜ್ಜಿನಲ್ಲಿಡಿ, ಇಲ್ಲವೇ ಬೆಳಿಗ್ಗೆ ಎದ್ದ ಕೂಡಲೇ ನೆನೆಹಾಕಿ. ದಿಢೀರ್ ನೆಂಟರು ಬಂದರೆ ಕುದಿಯುವ ನೀರು ಸುರಿದು ಮುಚ್ಚಿ ಒಂದು ಗಂಟೆ ಬಿಡಿ. ತಣ್ಣೀರಿನಲ್ಲಿ ನೆನೆಸಿದಷ್ಟು ಚೆನ್ನಾಗಿ ಆಗದಿದ್ದರೂ ಸುಮ್ನೆ ತೊಳೆದು ಹಾಕುವುದಕ್ಕಿಂತ ಎಷ್ಟೋ ವಾಸಿ.

ನೆನೆದಿದೆಯಾ ಅಂತ ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ, ಕಾಳನ್ನೇ ಕೇಳಿ. ಒಂದು ಕಾಳು ತೆಗೆದುಕೊಂಡು ಹೆಬ್ಬೆರಳಿನ ಉಗುರಿನಿಂದ ಅಡ್ಡಕ್ಕೆ ಮುರಿಯಿರಿ. ಟಕ್ ಅಂತ ಸದ್ದು ಬಂದು, ನಡುವೆ ಗಾಜಿನ ಹಾಗೆ ಹೊಳೆಯುವ ಚುಕ್ಕೆ ಕಂಡರೆ ನೀರು ಅಲ್ಲಿವರೆಗೆ ಹೋಗಿಲ್ಲ. ಸದ್ದಿಲ್ಲದೆ ಮುರಿದು, ಒಳಗೆಲ್ಲ ಹಾಲಿನ ಬಣ್ಣ ಇದ್ದರೆ ಅಕ್ಕಿ ತಯಾರಾಗಿದೆ. ಎರಡು ಸಲ ಹೀಗೆ ನೋಡಿದರೆ ಮೂರನೇ ಸಲಕ್ಕೆ ಬೆರಳಿಗೇ ಗೊತ್ತಾಗುತ್ತದೆ.

ನೆನೆದ ಅಕ್ಕಿಯನ್ನು ತೂತಿನ ಪಾತ್ರೆಗೆ ಬಸಿದು ಕಾಲು ಗಂಟೆ ಹಾಗೇ ಬಿಡಿ. ಇದನ್ನು ದಯವಿಟ್ಟು ಬಿಡಬೇಡಿ. ಪಲಾವಿಗೆ ನೀರು ಅಳೆದು ಹಾಕುತ್ತೇವೆ, ಅಲ್ವಾ? ಅಕ್ಕಿಯ ಜೊತೆ ಅರ್ಧ ಲೋಟ ನೀರು ಲೆಕ್ಕಕ್ಕೆ ಸಿಗದೆ ಪಾತ್ರೆಗೆ ಇಳಿದರೆ ಅಳತೆಗೆ ಅರ್ಥವೇ ಇರುವುದಿಲ್ಲ. ಒದ್ದೆ ಅಕ್ಕಿ ತುಪ್ಪದಲ್ಲಿ ಹುರಿಯುವುದೂ ಇಲ್ಲ, ಬೇಯಲು ಶುರುವಾಗುತ್ತದೆ.

ಹುರಿಯುವುದು ಪಲಾವಿನ ಜೀವ. ಪಲಾವ್ ಅನ್ನೋ ಮಾತು ಪರ್ಷಿಯನ್ ಕಡೆಯಿಂದ ಬಂದದ್ದು. ತುರ್ಕಿಯಲ್ಲಿ ಪಿಲಾವ್, ಇಂಗ್ಲಿಷಿನವರಿಗೆ ಪಿಲಾಫ್. ಊರು ಯಾವುದಾದರೂ ಕೆಲಸ ಒಂದೇ: ಅಕ್ಕಿಯನ್ನು ಕೊಬ್ಬಿನಲ್ಲಿ ಹುರಿದು, ಅಳೆದ ನೀರಿನಲ್ಲಿ ಅದು ಪೂರ್ತಿ ಹೀರುವ ತನಕ ಮುಚ್ಚಿ ಬೇಯಿಸುವುದು. ಕಾಳಿನ ಮೈಗೆ ತುಪ್ಪ ಹತ್ತಿದರೆ ಒಂದಕ್ಕೊಂದು ಅಂಟುವುದಿಲ್ಲ. ಬ್ರೌನ್ ರೈಸಿಗೆ ಇನ್ನೂ ಒಂದು ಲಾಭ ಇದೆ. ತೌಡು ಹುರಿದಾಗ ಒಳ್ಳೆಯ ಘಮ ಬರುತ್ತದೆ, ಹುರಿದ ಎಳ್ಳು ಮತ್ತು ಶೇಂಗಾದ ನಡುವಿನ ಒಂದು ಘಮ. ಬಿಳಿ ಅಕ್ಕಿಯಲ್ಲಿ ಅದು ಸಿಗುವುದೇ ಇಲ್ಲ. ಅದಕ್ಕೇ ಬೀಜಗಳಿಗೂ ಈ ಅಕ್ಕಿಗೂ ಅಷ್ಟು ಚೆನ್ನಾಗಿ ಹೊಂದುವುದು.

ನಾಲ್ಕೈದು ಜನಕ್ಕೆ ಆಗುವಷ್ಟು ಹೇಳುತ್ತೇನೆ. 200 ಮಿ.ಲೀ. ಹಿಡಿಯುವ ಲೋಟದಲ್ಲಿ ಎರಡು ಲೋಟ ಬ್ರೌನ್ ಬಾಸ್ಮತಿ. ಮೂರು ಚಮಚ ತುಪ್ಪ, ಎರಡು ದೊಡ್ಡ ಈರುಳ್ಳಿ ಉದ್ದಕ್ಕೆ ತೆಳ್ಳಗೆ ಹೆಚ್ಚಿದ್ದು, ಬೆರಳುದ್ದದ ಚಕ್ಕೆ, ನಾಲ್ಕು ಲವಂಗ, ಮೂರು ಏಲಕ್ಕಿ, ಒಂದು ಪಲಾವ್ ಎಲೆ, ಹತ್ತು ಹನ್ನೆರಡು ಕಾಳುಮೆಣಸು, ಒಂದಿಂಚು ಶುಂಠಿ, ಎರಡು ಹಸಿಮೆಣಸಿನಕಾಯಿ. ಮನೆಯ ಹಿತ್ತಲಲ್ಲಿ ಸೂಜಿಮೆಣಸು ಇದ್ದರೆ ಹಸಿಮೆಣಸಿನ ಬದಲು ಅದನ್ನೇ ಎರಡು ಜಜ್ಜಿ ಹಾಕಿ. ಗೋಡಂಬಿ, ಬಾದಾಮಿ ಸೇರಿ ಮುಕ್ಕಾಲು ಲೋಟ, ಒಣದ್ರಾಕ್ಷಿ ಒಂದು ಹಿಡಿ. ಅಂಗಡಿಯ ಪಲಾವ್ ಮಸಾಲೆ ಪುಡಿ ಇದಕ್ಕೆ ಬೇಡ. ನಮ್ಮ ಕಡೆ ಕೊತ್ತಂಬರಿ, ಪುದೀನ, ಕಾಯಿತುರಿ ರುಬ್ಬಿ ಹಸಿರು ಪಲಾವ್ ಮಾಡುತ್ತೇವಲ್ಲ, ಅದೂ ಇದಕ್ಕೆ ಬೇಡ. ಬಿಳಿ ಅಕ್ಕಿಗೆ ಆ ಮಸಾಲೆ ಚೆನ್ನ, ಅದಕ್ಕೆ ಸ್ವಂತ ರುಚಿ ಕಡಿಮೆ. ಈ ಅಕ್ಕಿಗೆ ಸ್ವಂತ ರುಚಿ ಇದೆ, ಅದು ಮುಚ್ಚಿಹೋಗಬಾರದು.

ದಪ್ಪ ತಳದ, ಬಿಗಿಯಾದ ಮುಚ್ಚಳದ ಪಾತ್ರೆ ಇಟ್ಟು ತುಪ್ಪ ಬಿಸಿ ಮಾಡಿ. ಮೊದಲು ಬೀಜಗಳನ್ನು ಹುರಿದು ತೆಗೆದಿಟ್ಟುಕೊಳ್ಳಿ, ಅದರ ಬಗ್ಗೆ ಕೆಳಗೆ ವಿವರವಾಗಿ ಬರೆಯುತ್ತೇನೆ. ಅದೇ ತುಪ್ಪಕ್ಕೆ ಚಕ್ಕೆ, ಲವಂಗ, ಏಲಕ್ಕಿ ಹಾಕಿ. ಏಲಕ್ಕಿ ಉಬ್ಬಿದ ಮೇಲೆ ಈರುಳ್ಳಿ ಹಾಕಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಶುಂಠಿ, ಮೆಣಸು ಹಾಕಿ. ಈಗ ಬಸಿದ ಅಕ್ಕಿ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ನೆನೆದ ಕಾಳು ಬೇಗ ಮುರಿಯುತ್ತದೆ, ಸೌಟಿನಲ್ಲಿ ಕಲಕಬೇಡಿ. ಸಟ್ಟುಗವನ್ನು ತಳಕ್ಕೆ ತೂರಿಸಿ ಮೆಲ್ಲಗೆ ಮಗುಚಿ. ಮೊದಲ ಎರಡು ನಿಮಿಷ ಚರಚರ ಸದ್ದು ಬರುತ್ತದೆ, ಅದು ಮೇಲಿನ ನೀರು ಆರುವ ಸದ್ದು. ಸದ್ದು ಕಡಿಮೆಯಾಗಿ ಕಾಳು ಬಿಡಿಬಿಡಿಯಾಗಿ ಜಾರತೊಡಗಿದಾಗ ಆ ಘಮ ಏಳುತ್ತದೆ. ಒಟ್ಟು ನಾಲ್ಕೈದು ನಿಮಿಷ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಮೂರೂವರೆ ಲೋಟ ನೀರು ಕುದಿಯುತ್ತಿರಲಿ. ಉಪ್ಪು ಹಾಕಿ, ಕುದಿನೀರನ್ನು ಅಕ್ಕಿಗೆ ಸುರಿಯಿರಿ. ತಣ್ಣೀರು ಸುರಿದರೆ ಅದು ಮತ್ತೆ ಕುದಿಗೆ ಬರುವ ತನಕ ಅಕ್ಕಿ ಉಗುರುಬೆಚ್ಚಗಿನ ನೀರಿನಲ್ಲಿ ಕೂತು ಅಂಟು ಬಿಡುತ್ತದೆ. ಟೊಮೆಟೊ ಹಾಕುವವರು ಅದರ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಎರಡು ದೊಡ್ಡ ಹಣ್ಣಿಗೆ ಕಾಲು ಲೋಟ ನೀರು ಕಡಿಮೆ ಮಾಡಿ.

ಒಂದು ಕುದಿ ಬಂದ ಕೂಡಲೇ ಉರಿ ತೀರಾ ಸಣ್ಣದು ಮಾಡಿ ಮುಚ್ಚಿ. ಇಪ್ಪತ್ತೈದರಿಂದ ಮೂವತ್ತು ನಿಮಿಷ. ನಡುವೆ ಮುಚ್ಚಳ ತೆಗೆದು ಇಣುಕಬೇಡಿ, ಹಬೆ ಹೋದಷ್ಟು ನೀರು ಕಡಿಮೆಯಾಗುತ್ತದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಈ ಅಕ್ಕಿಗೆ ಒಂದು ಸಾಲದು. ಮೇಲಿನದೊಂದು, ನಡುವಿನದೊಂದು, ತಳದ್ದೊಂದು ಹಿಸುಕಿ ನೋಡಿ. ಮೂರೂ ಮೆತ್ತಗಿದ್ದರೆ ಒಲೆ ಆರಿಸಿ. ಮೇಲಿನದು ಮಾತ್ರ ಗಟ್ಟಿ ಇದ್ದರೆ ಕುದಿನೀರನ್ನು ಕೈಯಲ್ಲಿ ಚಿಮುಕಿಸುವಷ್ಟು ಹಾಕಿ ಐದು ನಿಮಿಷ ಮತ್ತೆ ಮುಚ್ಚಿಡಿ.

ಒಲೆ ಆರಿಸಿದ ಮೇಲೆ ಕಾಲು ಗಂಟೆ ಮುಟ್ಟಬೇಡಿ. ಮುಚ್ಚಳದ ಒಳಗೆ ಸ್ವಚ್ಛ ಬಟ್ಟೆ ಒಂದು ಸುತ್ತು ಕಟ್ಟಿ ಮುಚ್ಚಿದರೆ ಹಬೆಯ ಹನಿ ಅನ್ನದ ಮೇಲೆ ಬೀಳುವುದಿಲ್ಲ. ಈ ಹೊತ್ತಿನಲ್ಲಿ ತಳದ ತೇವ ಮೇಲಕ್ಕೆ ಏರುತ್ತದೆ, ಕಾಳು ಗಟ್ಟಿಯಾಗಿ ನಿಲ್ಲುತ್ತದೆ. ಬಿಸಿ ಬಿಸಿ ಇರುವಾಗಲೇ ಕಲಕಿದರೆ ಅಲ್ಲಿವರೆಗಿನ ಕೆಲಸವೆಲ್ಲ ತೌಡು ಕುಟ್ಟಿದ ಹಾಗೆ ಆಗುತ್ತದೆ, ಉದುರಾದ ಅನ್ನವೂ ಮುರಿದು ಮುದ್ದೆಯಾಗುತ್ತದೆ.

ಕುಕ್ಕರಿನಲ್ಲೇ ಮಾಡುವುದಾದರೆ ಹುರಿಯುವುದೆಲ್ಲ ಹೀಗೇ, ನೀರು ಮಾತ್ರ ಮೂರು ಲೋಟ ಸಾಕು. ಕುಕ್ಕರಿನಿಂದ ಹಬೆ ಹೆಚ್ಚು ಹೊರಗೆ ಹೋಗುವುದಿಲ್ಲ. ವಿಷಲ್ ಎಣಿಸುವ ಅಭ್ಯಾಸ ಇಲ್ಲಿ ಬಿಡಿ. ಒಬ್ಬರ ಮನೆಯ ಕುಕ್ಕರ್ ಎರಡು ನಿಮಿಷಕ್ಕೊಮ್ಮೆ ಕೂಗುತ್ತದೆ, ಇನ್ನೊಬ್ಬರದು ಐದು ನಿಮಿಷಕ್ಕೆ. ಒಂದು ವಿಷಲ್ ಬಂದ ಮೇಲೆ ಉರಿ ಸಣ್ಣದು ಮಾಡಿ ಎಂಟು ಹತ್ತು ನಿಮಿಷ ಗಡಿಯಾರ ನೋಡಿ, ಆರಿಸಿ, ಪ್ರೆಶರ್ ತಾನಾಗಿ ಇಳಿಯುವ ತನಕ ಬಿಡಿ. ವಿಷಲ್ ಎತ್ತಿ ಗಾಳಿ ಬಿಡಬೇಡಿ, ಒಳಗಿನ ನೀರು ಒಮ್ಮೆಗೇ ಭರ್ರನೆ ಕುದಿದು ಕಾಳನ್ನು ಒಡೆಯುತ್ತದೆ. ಗಟ್ಟದ ಮೇಲಿನವರಿಗೆ ಕುಕ್ಕರೇ ಒಳ್ಳೆಯದು. ಶಿವಮೊಗ್ಗದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಕೆಮ್ಮಣ್ಣುಗುಂಡಿಯಂಥ 1,400 ಮೀಟರ್ ಎತ್ತರದ ಜಾಗದಲ್ಲಿ 95ರ ಆಸುಪಾಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು.

ತರಕಾರಿ ಹಾಕುವುದಾದರೆ ಅಕ್ಕಿಯ ಜೊತೆ ಬೇಯಿಸಬೇಡಿ. ಅರ್ಧ ಗಂಟೆಯಲ್ಲಿ ಬೀನ್ಸ್ ಬಣ್ಣ ಕಳೆದುಕೊಂಡು ನಾರಾಗುತ್ತದೆ. ಬೇರೆ ಬಾಣಲೆಯಲ್ಲಿ ಹುರಿದು ಕೊನೆಗೆ ಸೇರಿಸಿ.

ಈಗ ಬೀಜಗಳ ವಿಷಯ. ಗೋಡಂಬಿ ಮೆತ್ತಗಾಗಿದ್ದಕ್ಕೆ ನಿಮಗೆ ಬೇಜಾರಾಗಿದೆ, ಆಗಬೇಕಾದ್ದೇ. ಅಷ್ಟು ದುಡ್ಡು ಕೊಟ್ಟು ತಂದ ಗೋಡಂಬಿ ಬಾಯಲ್ಲಿ ಕುರುಂ ಅನ್ನದಿದ್ದರೆ ಯಾಕೆ ಹಾಕಬೇಕು? ಹುರಿದಾಗ ಬೀಜದ ಒಳಗಿನ ತೇವ ಆರಿ ಅದು ಗರಿಯಾಗುತ್ತದೆ. ಹಬೆ ತಾಗಿದರೆ ಆ ತೇವವನ್ನು ವಾಪಸ್ ಎಳೆದುಕೊಳ್ಳುತ್ತದೆ. ಕುಕ್ಕರಿನಲ್ಲಿ ಇದಕ್ಕೆ ಹತ್ತು ನಿಮಿಷವೂ ಬೇಡ. ಬಿಸಿ ಅನ್ನದ ಜೊತೆ ಮುಚ್ಚಿಟ್ಟರೂ ಹೀಗೇ ಆಗುತ್ತದೆ. ಅಕ್ಕನ ಮಗಳ ಸೀಮಂತದ ದಿನ ಅರವತ್ತು ಜನಕ್ಕೆ ಪಲಾವ್ ಮಾಡಿದ್ದೆ. ಬಡಿಸುವ ಗಡಿಬಿಡಿಯಲ್ಲಿ ಕಷ್ಟ ಆಗದಿರಲಿ ಅಂತ ಎರಡು ಗಂಟೆ ಮುಂಚೆಯೇ ಹುರಿದ ಗೋಡಂಬಿ ಎಲ್ಲ ಕಲಸಿ ಮುಚ್ಚಿಟ್ಟೆ. ಎಲೆ ಮೇಲೆ ಬಿದ್ದಾಗ ಒಂದೂ ಗರಿಯಾಗಿ ಉಳಿದಿರಲಿಲ್ಲ. ಅವತ್ತಿನಿಂದ ಹುರಿದ ಬೀಜ ಒಣ ಡಬ್ಬಿಯಲ್ಲಿ ಬೇರೆ ಇರುತ್ತದೆ, ತಟ್ಟೆಗೆ ಬಡಿಸಿದ ಮೇಲೆಯೇ ಮೇಲೆ ಬೀಳುತ್ತದೆ.

ಆದರೆ ಒಂದು ಪಾಲು ಗೋಡಂಬಿ ಅನ್ನದ ಒಳಗೂ ಇರಲಿ ಅನ್ನೋದು ನನ್ನ ಅಭಿಪ್ರಾಯ. ಮೆತ್ತಗಾದ ಗೋಡಂಬಿ ಕೆನೆಯ ಹಾಗೆ ಸಿಹಿಯಾಗಿರುತ್ತದೆ. ಒಳಗೆ ಮೆತ್ತಗಿನದು, ಮೇಲೆ ಗರಿಯಾದದ್ದು ಎರಡೂ ಒಂದೇ ತುತ್ತಿನಲ್ಲಿ ಸಿಕ್ಕರೆ ರುಚಿ ಬೇರೆಯೇ. ನಾಲ್ಕರಲ್ಲಿ ಒಂದು ಪಾಲು ಒಳಗೆ, ಮೂರು ಪಾಲು ಮೇಲೆ.

ಹುರಿಯುವಾಗ ಕಾದ ತುಪ್ಪಕ್ಕೆ ಗೋಡಂಬಿ ಎಸೆಯಬೇಡಿ. ತುಪ್ಪ ಕರಗಿ ಬೆಚ್ಚಗಾದ ಕೂಡಲೇ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಆಡಿಸುತ್ತಾ ಇರಿ. ಮೊದಲು ಏನೂ ಆಗದ ಹಾಗೆ ಕಾಣುತ್ತದೆ. ಮೂರ್ನಾಲ್ಕು ನಿಮಿಷದಲ್ಲಿ ಬಾಗಿದ ಬೆನ್ನಿನ ಮೇಲೆ ತಿಳಿ ಬಂಗಾರದ ಬಣ್ಣ ಬರುತ್ತದೆ. ಹೊಟ್ಟೆಯ ಭಾಗ ಇನ್ನೂ ಬಿಳಿಯಾಗಿರುವಾಗಲೇ ತೆಗೆದುಬಿಡಿ. ಬೀಜದೊಳಗಿನ ಎಣ್ಣೆ ಬಿಸಿ ಹಿಡಿದುಕೊಂಡಿರುತ್ತದೆ, ತಟ್ಟೆಯಲ್ಲಿ ಕೂತಲ್ಲೇ ಇನ್ನೊಂದು ಸುತ್ತು ಕೆಂಪಾಗುತ್ತದೆ. ಬಾಣಲೆಯಲ್ಲೇ ಬೇಕಾದ ಬಣ್ಣ ಬರಲಿ ಅಂತ ಕಾದರೆ ತಟ್ಟೆಯಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಒಣದ್ರಾಕ್ಷಿ ಕೊನೆಗೆ, ಉಬ್ಬಿ ಗುಂಡಗಾದ ಕೂಡಲೇ ತೆಗೆಯಿರಿ. ಬಾದಾಮಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಹಾಕಿ ಸಿಪ್ಪೆ ತೆಗೆದು, ಉದ್ದಕ್ಕೆ ಸೀಳಿ, ಬಟ್ಟೆಯಲ್ಲಿ ಒರೆಸಿ ಹುರಿದರೆ ಚೆನ್ನ. ಅಕ್ರೋಟ್ ಸಿಪ್ಪೆ ಸ್ವಲ್ಪ ಒಗರು, ಈರುಳ್ಳಿಯ ಸಿಹಿ ಜಾಸ್ತಿ ಇದ್ದಾಗ ಹೊಂದುತ್ತದೆ.

ಇಡೀ ಗೋಡಂಬಿಯೇ ಬೇಕಂತಿಲ್ಲ. ಅಂಗಡಿಯವರು 320 ನಂಬರ್ ಅನ್ನುತ್ತಾರಲ್ಲ, ಅದು ಗಾತ್ರದ ಲೆಕ್ಕ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಬೀಜ ತೂಗುತ್ತವೆ ಅಂತ ಅರ್ಥ. ನಂಬರ್ ಕಡಿಮೆಯಾದಷ್ಟು ಬೀಜ ದೊಡ್ಡದು, ಬೆಲೆಯೂ ಜಾಸ್ತಿ. ರುಚಿ ಒಂದೇ. ಪಲಾವಿಗೆ ಗಾಂಧಿ ಬಜಾರಿನಿಂದ ನಾನು ತರುವುದು ಎರಡು ಹೋಳಾದ ಗೋಡಂಬಿ. ಅದು ಸಮನಾಗಿ ಹುರಿಯುತ್ತದೆ, ಪ್ರತಿ ತುತ್ತಿಗೂ ಒಂದು ಸಿಗುತ್ತದೆ. ನಿಮ್ಮದೇ ಗೇರುಮರ ಇದ್ದರೂ ಸಿಪ್ಪೆಯ ಬೀಜವನ್ನು ಅಡುಗೆಮನೆಯಲ್ಲಿ ಸುಡಬೇಡಿ. ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಅದರ ಹೊಗೆಯೂ ಕೆಟ್ಟದ್ದು. ಅದೇನಿದ್ದರೂ ಹೊರಗೆ, ಗೊತ್ತಿದ್ದವರ ಕೈಯಲ್ಲೇ ಆಗಬೇಕು. ದುಬಾರಿ ಅನ್ನಿಸಿದರೆ ಶೇಂಗಾ ಹಾಕಿ, ಸಂಕೋಚ ಬೇಡ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಲಸಿನ ಬೀಜ ಹಾಕುತ್ತೇವೆ. ಬೇಯಿಸಿ, ಬಿಳಿ ಸಿಪ್ಪೆ ತೆಗೆದು, ನಾಲ್ಕು ಸೀಳು ಮಾಡಿ, ತುಪ್ಪದಲ್ಲಿ ಅಂಚು ಗರಿಯಾಗುವ ತನಕ ಹುರಿದು. ಒಮ್ಮೆ ಮಾಡಿ ನೋಡಿ. ನೆಂಟರು ಬಂದಿದ್ದರೆ ಬೀಜ ಆಗಿಬರದವರು ಯಾರಾದರೂ ಇದ್ದಾರಾ ಅಂತ ಮೊದಲೇ ಕೇಳಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರ ತಟ್ಟೆಗೆ ಪುಡಿ ಮಾಡಿ ಉದುರಿಸಿ.

ನಿಮ್ಮ ಗದ್ದೆಯ ಕೆಂಪಕ್ಕಿಯ ಬಗ್ಗೆ ಕೇಳಿದ್ದು ನನಗೆ ಬಹಳ ಖುಷಿಯಾಯಿತು. ಧಾರಾಳವಾಗಿ ಮಾಡಬಹುದು. ಕೆಂಪು ಬಣ್ಣ ಇರುವುದೇ ತೌಡಿನ ಪದರದಲ್ಲಿ. ಪಾಲಿಶ್ ಮಾಡದ ಕೆಂಪಕ್ಕಿಯೂ ಒಂದು ಬ್ರೌನ್ ರೈಸೇ. ಬೆಂಗಳೂರಿನಿಂದ ದುಡ್ಡು ಕೊಟ್ಟು ತರುವುದು ನಿಮ್ಮ ಪಣತದಲ್ಲೇ, ಅಂದರೆ ಭತ್ತದ ಕಣಜದಲ್ಲೇ ಇದೆ. ಮಲೆನಾಡಿನಲ್ಲಿ ಹೆಚ್ಚಾಗಿ ಬೆಳೆಯುವ ಜ್ಯೋತಿ, ಕೇರಳದ ಪಟ್ಟಾಂಬಿಯಿಂದ ಬಂದ ಕೆಂಪು ತಳಿ. ಕಾಳು ದಪ್ಪ, ಬಾಸ್ಮತಿಯಷ್ಟು ಉದ್ದ ಆಗುವುದಿಲ್ಲ, ಅಷ್ಟು ಬಿಡಿಬಿಡಿಯೂ ಆಗುವುದಿಲ್ಲ. ಅಗಿಯಲು ತುಂಬಿದ ಹಾಗೆ ಇರುತ್ತದೆ. ರಾತ್ರಿಯಿಡೀ ನೆನೆಸಿ, ಎರಡು ಲೋಟಕ್ಕೆ ನಾಲ್ಕೂವರೆ ಲೋಟ ನೀರು ಇಟ್ಟು, ಕುಕ್ಕರಿನಲ್ಲಿ ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಕುಚ್ಚಲಕ್ಕಿ ಆದರೆ ಲೆಕ್ಕ ಬೇರೆ. ಅದು ಭತ್ತವನ್ನೇ ಬೇಯಿಸಿ ಒಣಗಿಸಿ ಮಾಡಿದ್ದು, ಅದರ ವಾಸನೆ ಏಲಕ್ಕಿ, ಚಕ್ಕೆಯ ಜೊತೆ ಸೇರುವುದಿಲ್ಲ. ಅದನ್ನು ಊಟದ ಅನ್ನಕ್ಕೇ ಇಟ್ಟುಕೊಳ್ಳಿ. ಹಾಸನ ಕಡೆಯ ರಾಜಮುಡಿ ಸಿಕ್ಕರೆ ಬಿಡಬೇಡಿ, ಪಲಾವಿಗೆ ತುಂಬಾ ಚೆನ್ನ. ಯಾರ ಮನೆಯಲ್ಲಾದರೂ ಗಂಧಸಾಲೆ ಬೆಳೆದಿದ್ದರೆ ಪಾಲಿಶ್ ಮಾಡದೆ ಎರಡು ಸೇರು ಕೊಡಿ ಅಂತ ಕೇಳಿ. ಅದರ ಘಮಕ್ಕೆ ಎರಡು ಏಲಕ್ಕಿ ಬಿಟ್ಟು ಬೇರೆ ಮಸಾಲೆಯೇ ಬೇಡ.

ಮಿಲ್ಲಿಗೆ ಭತ್ತ ಒಯ್ದಾಗ ಹೊಟ್ಟು ಮಾತ್ರ ತೆಗೆದುಕೊಡಿ ಅಂತ ಮೊದಲೇ ಹೇಳಬೇಕು. ಹಳೇ ಹಲ್ಲರ್ ಮಿಲ್ಲುಗಳಲ್ಲಿ ಹೊಟ್ಟು, ತೌಡು ಎರಡೂ ಒಟ್ಟಿಗೇ ಹೋಗುತ್ತವೆ, ಕಾಳೂ ಜಾಸ್ತಿ ಮುರಿಯುತ್ತದೆ. ರಬ್ಬರ್ ರೋಲರ್ ಇರುವ ಮಿಲ್ಲು ನೋಡಿ. ಮನೆಗೆ ತಂದ ಅಕ್ಕಿಯಲ್ಲಿ ಕಾಳಿನ ಮೇಲೆ ಕೆಂಪು ಗೆರೆ ಗೆರೆಯಾಗಿ ಉಳಿದಿದ್ದರೆ ಅರ್ಧ ಪಾಲಿಶ್ ಆಗಿದೆ ಅಂತ ಲೆಕ್ಕ. ಅದಕ್ಕೆ ನೆನೆಸುವ ಹೊತ್ತು, ನೀರು ಎರಡೂ ಕಡಿಮೆ ಸಾಕು. ಹೊಸ ಅಕ್ಕಿ ಅಂಟುತ್ತದೆ, ವರ್ಷ ಕಳೆದ ಭತ್ತದ ಅಕ್ಕಿ ಉದುರಾಗುತ್ತದೆ, ನೀರೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಹಾಗಂತ ಅಕ್ಕಿಯನ್ನೇ ವರ್ಷಗಟ್ಟಲೆ ಇಡಬೇಡಿ. ಭತ್ತವಾಗಿ ಇಡಿ, ಬೇಕಾದಷ್ಟೇ ಮಾಡಿಸಿ. ಹೊಟ್ಟು ತೆಗೆದ ದಿನದಿಂದಲೇ ತೌಡಿನ ಎಣ್ಣೆ ಕೆಡಲು ಶುರುವಾಗುತ್ತದೆ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ನಿಮ್ಮ ಊರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಆ ತೇವದಲ್ಲಿ ಬ್ರೌನ್ ರೈಸಿನ ಪ್ಯಾಕೆಟ್ ತೆರೆದಿಟ್ಟರೆ ಬೇಗ ಕಮಟು ಹಿಡಿಯುತ್ತದೆ, ಹುಳವೂ ಆಗುತ್ತದೆ. ಮಗ ತಂದ ಎರಡು ಕೆ.ಜಿ.ಯಲ್ಲಿ ಈ ವಾರಕ್ಕೆ ಬೇಕಾದಷ್ಟು ಹೊರಗಿಟ್ಟು ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಗೋಡಂಬಿ, ಅಕ್ರೋಟ್ ಕೂಡ ಅಲ್ಲೇ. ಮುಂದಿನ ಸಲ ಅಕ್ಕಿಯನ್ನು ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ. ಹಳೇ ಎಣ್ಣೆಯ ವಾಸನೆ ಬಂದರೆ ಯಾವ ಮಸಾಲೆಯೂ ಅದನ್ನು ಮುಚ್ಚಲಾರದು.

ನಿಮ್ಮ ಮನೆಯವರ ಸಕ್ಕರೆ ಕಾಯಿಲೆಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಬ್ರೌನ್ ರೈಸ್ ಔಷಧಿಯಲ್ಲ, ಅದೂ ಅನ್ನವೇ. 100 ಗ್ರಾಂ ಅಕ್ಕಿಯಲ್ಲಿ ನಾರು ಸುಮಾರು 3.5 ಗ್ರಾಂ, ಬಿಳಿ ಅಕ್ಕಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಪಿಷ್ಟ ಮಾತ್ರ ಎರಡರಲ್ಲೂ 75 ಗ್ರಾಂ ಆಸುಪಾಸು. ನಾರು, ಬೀಜದ ಕೊಬ್ಬು ಸೇರಿದಾಗ ಸಕ್ಕರೆ ಸ್ವಲ್ಪ ನಿಧಾನಕ್ಕೆ ಏರುತ್ತದೆ, ಅಷ್ಟೇ. ಒಳ್ಳೆಯ ಅಕ್ಕಿ ಅಂತ ಎರಡು ಸಲ ಬಡಿಸಿಕೊಂಡರೆ ಲಾಭ ಅಲ್ಲಿಗೇ ಮುಗಿಯಿತು. ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ, ಪಲಾವ್ ಒಂದು ಸಣ್ಣ ಬಟ್ಟಲು, ಬೀಜ ದಿನಕ್ಕೆ ಒಂದು ಹಿಡಿ, 25ರಿಂದ 30 ಗ್ರಾಂ. ಒಣದ್ರಾಕ್ಷಿ ಅವರ ತಟ್ಟೆಗೆ ಬೇಡ. ಊಟವಾಗಿ ಎರಡು ಗಂಟೆಗೆ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳಿ, ಎಷ್ಟು ಅನ್ನ ಆಗುತ್ತದೆ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ. ಮೂತ್ರಪಿಂಡದ ತೊಂದರೆಯೂ ಇದ್ದರೆ ಡಾಕ್ಟರನ್ನು ಕೇಳದೆ ಬ್ರೌನ್ ರೈಸ್, ಬೀಜ ಎರಡನ್ನೂ ಶುರು ಮಾಡಬೇಡಿ. ಎರಡರಲ್ಲೂ ರಂಜಕ ಜಾಸ್ತಿ.

ತೌಡಿನ ಬೆಲೆ ಜಗತ್ತಿಗೆ ಗೊತ್ತಾದದ್ದು ಕೋಳಿಗಳಿಂದ. 1890ರ ದಶಕದಲ್ಲಿ ಜಾವಾದಲ್ಲಿದ್ದ ಕ್ರಿಸ್ಟಿಯಾನ್ ಐಕ್ಮನ್ ಅನ್ನೋ ಡಚ್ ವೈದ್ಯರು ಬರೀ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡಿರುವ ಅಕ್ಕಿ ಕೊಟ್ಟಾಗ ಎದ್ದು ಓಡಾಡುವುದನ್ನೂ ನೋಡಿದರು. ಮನುಷ್ಯರ ಬೆರಿಬೆರಿ ಕಾಯಿಲೆಯ ಗುಟ್ಟು ಅಲ್ಲಿಂದ ಬಿಚ್ಚಿಕೊಂಡಿತು. ತೌಡಿನಲ್ಲಿದ್ದದ್ದು ಬಿ1 ಜೀವಸತ್ವ. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಬಂತು.

ನಿಮ್ಮ ಅತ್ತೆಯವರಿಗೆ ಈ ಅಕ್ಕಿ ಹೊಸದೇನೂ ಇರಲಿಕ್ಕಿಲ್ಲ. ಅವರು ಚಿಕ್ಕವರಿದ್ದಾಗ ಒರಳಿನಲ್ಲಿ ಒನಕೆಯಿಂದ ಕುಟ್ಟಿದ ಅಕ್ಕಿ ಉಂಡಿರಬಹುದು, ಅದರಲ್ಲಿ ತೌಡು ಅರ್ಧಕ್ಕರ್ಧ ಉಳಿದಿರುತ್ತಿತ್ತು. ಅವರು ತಟ್ಟೆ ಸರಿಸಿದ್ದು ಗಟ್ಟಿ ಕಾಳಿಗೆ ಇರಬೇಕು. ವಯಸ್ಸಾದವರ ಹಲ್ಲಿಗೆ ಅದು ಕಷ್ಟ. ಬೆಂದ ಪಲಾವಿನಲ್ಲಿ ಅವರ ಪಾಲನ್ನು ಸಣ್ಣ ಪಾತ್ರೆಗೆ ತೆಗೆದು, ಅರ್ಧ ಲೋಟ ಕುದಿನೀರು, ಅರ್ಧ ಚಮಚ ತುಪ್ಪ ಹಾಕಿ ಇನ್ನೂ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಗೋಡಂಬಿಯನ್ನು ಕುಟ್ಟಿ ತರಿಯಾಗಿ ಉದುರಿಸಿ. ಜೊತೆಗೆ ಮೊಸರುಬಜ್ಜಿ ಬದಲು ಒಂದೆಲಗದ ತಂಬುಳಿ ಮಾಡಿ. ತುಪ್ಪದ ಜಿಡ್ಡಿಗೆ ಅದು ತಂಪು, ಅವರ ಬಾಯಿಗೂ ಪರಿಚಯದ ರುಚಿ.

ಉಳಿದ ಪಲಾವನ್ನು ರಾತ್ರಿವರೆಗೆ ಒಲೆಕಟ್ಟೆಯ ಮೇಲೆ ಬಿಡಬೇಡಿ. ಬೆಂದ ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅಗಲದ ತಟ್ಟೆಗೆ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮಾರನೇ ಬೆಳಿಗ್ಗೆ ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಎಂಟು ಹತ್ತು ನಿಮಿಷ ಹಬೆಗಿಟ್ಟರೆ ಕಾಳು ಮತ್ತೆ ಮೆತ್ತಗಾಗುತ್ತದೆ. ಗೋಡಂಬಿ ಮಾತ್ರ ಆವಾಗಲೇ ಹೊಸದಾಗಿ ಹುರಿದು ಹಾಕಿ.